ಆರ್ಟಿಕಲ್ ಬರದ್ದಕ್ಕೆ ಕನ್ನಡ ಮಾಧ್ಯಮವನ್ನು ದೂರಬೇಡಿ

ಇಂಗ್ಲಿಷಿನ ಎ, ಆ್ಯನ್, ದಿ ಉಂಟಲ್ಲ, ಅಂಥ ಆರ್ಟಿಕಲ್ಲೇ ಕನ್ನಡದಲ್ಲಿ ಇಲ್ಲ, ಮಂಜೇಶ್ವರದ ಕನ್ನಡ ಶಾಲೆಯಲ್ಲಿ ಓದಿದವರಿಗೆ ಅದು ಬರುವುದುಂಟಾ, ಸರ್ಕಾರಿ ಕೆಲಸದ ಪಿಎಸ್‌ಸಿ ಪರೀಕ್ಷೆಗೆ ನಿಯಮ ಬಾಯಿಪಾಠ ಮಾಡುವುದಾ ಕೋಚಿಂಗ್ ಸೇರುವುದಾ ಅಂತ ಕೇಳಿದ್ದೀರಿ. ಬದಿಯಡ್ಕದ ಕಡೆಯ ಕನ್ನಡ ಶಾಲೆಯವನಾದ ನಾನೂ ಒಂದು ಕಾಲದಲ್ಲಿ ಇದೇ ರಾಗ ಹಾಡಿದವ. ಬಾಯಿಪಾಠ ನನಗೆ ಚೆನ್ನಾಗಿಯೇ ಇತ್ತು. ಕೆಡಿಸಿದ್ದೂ ಅದೇ.

ಡಿಗ್ರಿ ಮುಗಿಸಿ ಮಂಗಳೂರಿನ ಒಂದು ಅಡಿಕೆ ಮಂಡಿಯಲ್ಲಿ ರೈಟರ್, ಅಂದರೆ ಗುಮಾಸ್ತ, ಆಗಿ ಸೇರಿದ್ದೆ. ಗುಜರಾತಿನ ವ್ಯಾಪಾರಿಗಳಿಗೆ ಇಂಗ್ಲಿಷಿನಲ್ಲಿ ಮೇಲ್ ಬರೆಯುವುದು ನನ್ನ ಪಾಲಿಗೆ ಬಂದಿತ್ತು. ಒಂದು ದಿನ ಲಾರಿಗೆ 150 ಗೋಣಿ ಚಾಲಿ (ಬಿಸಿಲಿಗೆ ಒಣಗಿಸಿ ಸುಲಿದ) ಅಡಿಕೆ ತುಂಬಿಸುವಾಗ, ಟಾರ್ಪಾಲು ಬಿಗಿಯುವ ಮೊದಲೇ ಮಳೆ ಹೊಡೆಯಿತು. ಅಂಚಿನಲ್ಲಿದ್ದ ನಾಲ್ಕೈದು ಗೋಣಿ ಒದ್ದೆಯಾದವು, ಉಳಿದದ್ದಕ್ಕೆ ಹನಿಯೂ ತಾಗಲಿಲ್ಲ. ಬೂಷ್ಟು ಬರುವ ಮೊದಲು ಗುಜರಾತಿನವರು ಆ ಗೋಣಿ ಬಿಚ್ಚಿ ಒಣಗಿಸಿಕೊಳ್ಳಲಿ, ಈಗಲೇ ತಿಳಿಸು ಅಂದರು ಧನಿಗಳು. ನಾನು ಬರೆದೆ: "ವಿ ಹ್ಯಾವ್ ಲೋಡೆಡ್ 150 ಬ್ಯಾಗ್ಸ್. ದಿ ಬ್ಯಾಗ್ಸ್ ಗಾಟ್ ವೆಟ್ ಇನ್ ದಿ ರೇನ್."

ನನಗೆ ಕಲಿಸಿದ್ದ ನಿಯಮ ಏನು? ಒಂದು ವಸ್ತುವನ್ನು ಮೊದಲ ಸಲ ಹೇಳುವಾಗ ಎ ಅಥವಾ ಏನೂ ಇಲ್ಲ, ಎರಡನೇ ಸಲ ಬಂದರೆ ದಿ. ಬ್ಯಾಗ್ ಎರಡನೇ ಸಲ ಬಂತು, ದಿ ಅಂಟಿಸಿದೆ. ಪರೀಕ್ಷೆಯಾದರೆ ಮಾರ್ಕು ಸಿಗುತ್ತಿತ್ತೇನೋ. ಆದರೆ "ದಿ ಬ್ಯಾಗ್ಸ್" ಅಂದಾಗ ಓದುವವನ ಮಂಡೆಗೆ ಹೋಗುವುದು "ಈಗ ಹೇಳಿದೆನಲ್ಲ, ಆ ಗೋಣಿಗಳು", ಅಂದರೆ 150ಕ್ಕೆ 150. ನಾನು ಹೇಳಬೇಕಾಗಿದ್ದದ್ದು ಬೇರೆಯೇ ಗೋಣಿಗಳ ವಿಷಯ, ಅವನಿಗೆ ಇನ್ನೂ ಗೊತ್ತಿಲ್ಲದ ನಾಲ್ಕೈದು. ಎರಡನೇ ಸಲ ಬಂದದ್ದು ಪದ ಮಾತ್ರ, ವಸ್ತು ಅದೇ ಅಲ್ಲ. ಅಲ್ಲಿ "ಸಮ್ ಬ್ಯಾಗ್ಸ್" ಬೇಕಿತ್ತು, ಇಲ್ಲದಿದ್ದರೆ "ಎ ಫ್ಯೂ ಬ್ಯಾಗ್ಸ್". ಅದರಲ್ಲೂ ಎ ಮರೆತು ಬರೀ "ಫ್ಯೂ" ಅಂದರೆ ಹೆಚ್ಚುಕಮ್ಮಿ ಒಂದೂ ಒದ್ದೆಯಾಗಿಲ್ಲ ಅನ್ನುವ ಅರ್ಥ ಬರುತ್ತದೆ. ಒಂದಕ್ಷರಕ್ಕೆ ಇಷ್ಟು ದರ್ಬಾರು.

ಲೋಡು ಬೇಡ ಅಂತ ಅಲ್ಲಿಂದ ಫೋನು ಬಂತು. ಧನಿಗಳು ಎಷ್ಟು ಹೇಳಿದರೂ, ಬರವಣಿಗೆಯಲ್ಲಿ ನೀವೇ ಕೊಟ್ಟಿದ್ದೀರಲ್ಲ ಅಂತ ಅವರ ಪಟ್ಟು. ಕೊನೆಗೆ ಇಡೀ ಲೋಡಿಗೆ ರೇಟು ಇಳಿಸಿ ಕೊಡಬೇಕಾಯಿತು. ಮೇಲ್ ಬರೆಯುವ ಕೆಲಸ ಇನ್ನೊಬ್ಬನಿಗೆ ಹೋಯಿತು, ಅದರೊಟ್ಟಿಗೆ ನನಗೆ ಮಾತಾಡಿದ್ದ ಸಂಬಳದ ಏರಿಕೆಯೂ. ನಾನು ಗೋದಾಮಿನಲ್ಲಿ ಗೋಣಿ ಎಣಿಸುತ್ತಾ ಕೂತೆ.

ಇನ್ನು, ಕನ್ನಡದಲ್ಲಿ ಇಲ್ಲ ಅನ್ನುವ ನಿಮ್ಮ ಮಾತು. ಇದನ್ನು ನಾನು ಒಪ್ಪುವುದಿಲ್ಲ. ಪದ ಇಲ್ಲ, ಸರಿ. ಮಲಯಾಳಕ್ಕೂ ಇಲ್ಲ, ತುಳುವಿಗೂ ಇಲ್ಲ, ರಷ್ಯನ್ನಿಗೂ ಇಲ್ಲ. ಆದರೆ ವ್ಯತ್ಯಾಸ ನಮಗೆ ಚೆನ್ನಾಗಿ ಗೊತ್ತು. "ಅಡಿಕೆ ಕೊಯ್ಯಲಿಕ್ಕೆ ಆಳು ಹುಡುಕುತ್ತಿದ್ದೇನೆ" ಅಂದರೆ ಯಾರಾದರೂ ಆದೀತು. "ಆಳನ್ನು ಹುಡುಕುತ್ತಿದ್ದೇನೆ" ಅಂದರೆ ಅಡ್ವಾನ್ಸ್ ತಗೊಂಡು ನಾಪತ್ತೆಯಾದ ಒಬ್ಬನೇ ಒಬ್ಬ. ಮೊದಲನೆಯದಕ್ಕೆ ಎ, ಎರಡನೆಯದಕ್ಕೆ ದಿ. ನಾವು ದ್ವಿತೀಯಾ ವಿಭಕ್ತಿಯಲ್ಲಿ ಮುಗಿಸುವ ಕೆಲಸವನ್ನು ಅವರು ಮುಂದೆ ಒಂದು ಪದ ಇಟ್ಟು ಮಾಡುತ್ತಾರೆ, ಅಷ್ಟೆ. ಅವರ ಎ, ಆ್ಯನ್ ಹುಟ್ಟಿದ್ದೂ "ಒಂದು" ಅನ್ನುವ ಪದದಿಂದಲೇ, ದಿ ಹುಟ್ಟಿದ್ದು "ಆ" ಅಂತ ಬೊಟ್ಟು ಮಾಡುವ ಪದದಿಂದ.

ಹಾಗಾಗಿ ದಿ ಬರೆಯುವ ಮೊದಲು ಕೇಳಿಕೊಳ್ಳಬೇಕಾದದ್ದು ಒಂದೇ: ಯಾವುದು ಅಂತ ಓದುವವನಿಗೆ ಗೊತ್ತುಂಟಾ? ನಿಮಗೆ ಗೊತ್ತಿದ್ದರೆ ಸಾಲದು. ಒದ್ದೆಯಾದ ಗೋಣಿ ನನ್ನ ಕಣ್ಣೆದುರೇ ಇದ್ದವು, ಆದರೆ ಅಹಮದಾಬಾದಿನಲ್ಲಿ ಕೂತವನಿಗೆ ಕಾಣುತ್ತದಾ?

ಎ, ಆ್ಯನ್ ವಿಷಯಕ್ಕೆ ಜಾಸ್ತಿ ತಲೆ ಕೆಡಿಸಬೇಡಿ. ಅಕ್ಷರ ನೋಡುವುದಲ್ಲ, ಬಾಯಲ್ಲಿ ಹೇಳಿ ನೋಡುವುದು. ಆ್ಯನ್ ಅವರ್, ಎ ಯೂನಿವರ್ಸಿಟಿ, ಆ್ಯನ್ ಎಂಎಲ್ಎ. ಪರೀಕ್ಷೆಯಲ್ಲಿ ಕೇಳುವುದು ಹೆಚ್ಚಾಗಿ ಇಂಥದ್ದನ್ನೇ. ಬಾಯಿಪಾಠ ಬೇಕಾಗುವುದು ಹೆಸರುಗಳಿಗೆ ಮಾತ್ರ. ಚಂದ್ರಗಿರಿ ನದಿಗೆ ದಿ ಬೇಕು, ಕಾಸರಗೋಡು ಪೇಟೆಗೆ ಬೇಡ. ತಾಜ್ ಮಹಲಿಗೆ ದಿ ಉಂಟು, ಬೇಕಲ್ ಫೋರ್ಟಿಗೆ ಇಲ್ಲ. ಯಾಕೆ ಅಂತ ಕೇಳಿದರೆ ಇಂಗ್ಲಿಷಿನವರೂ ತಲೆ ಕೆರೆದಾರು.

ಕೋಚಿಂಗ್ ನಿಮ್ಮ ಇಷ್ಟ. ಬರೀ ಆರ್ಟಿಕಲ್ಲಿಗೋಸ್ಕರ ಆದರೆ ಬೇಡವೇ ಬೇಡ. ಮೇಲ್ ಕೈತಪ್ಪಿದ ಮೇಲೆ ನಾನು ಮಾಡಿದ್ದು ಇಷ್ಟು: ಇಂಗ್ಲಿಷ್ ಪೇಪರಿನ ಒಂದು ಸುದ್ದಿಯನ್ನು ಆರ್ಟಿಕಲ್ ಬಿಟ್ಟು ನೋಟ್‌ಬುಕ್ಕಿಗೆ ಇಳಿಸುವುದು, ಮಾರನೇ ದಿನ ಪೇಪರು ಮುಚ್ಚಿಟ್ಟು ತುಂಬಿಸುವುದು, ಆಮೇಲೆ ತಾಳೆ ನೋಡುವುದು. ಕ್ರಿಕೆಟ್ ಸುದ್ದಿಯಿಂದ ಸುರು ಮಾಡಿ, ಓದಲು ಬೇಜಾರಾಗುವುದಿಲ್ಲ. ಸಂಪಾದಕೀಯ ಮಾತ್ರ ಈಗಲೇ ಮುಟ್ಟಬೇಡಿ.