ನೆನಪಿಸುವ ಮೆಸೇಜು, ಮರೆಯದ ರೋಗಿ

ಪ್ರಕರಣ: ಮಹಿಳೆ, 52 ವರ್ಷ. ದಕ್ಷಿಣ ಕೊಡಗಿನ ಒಂದು ಕಾಫಿ ತೋಟದ ಲೈನ್‌ಮನೆಯಲ್ಲಿ (ಕೂಲಿಕಾರರ ಸಾಲುಮನೆ) ವಾಸ. ಪಿರಿಯಾಪಟ್ಟಣದ ಕಡೆಯಿಂದ ಬಂದ ಕುಟುಂಬ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ. ಇಲ್ಲಿ ಇವರನ್ನು 'ಚ.' ಎಂದು ಕರೆಯೋಣ.

ಚ. ಅವರಿಗೆ ಸಕ್ಕರೆ ಕಾಯಿಲೆ ಪತ್ತೆಯಾಗಿ ನಾಲ್ಕು ವರ್ಷ. ಸಲಹೆಗೆ ಬಂದಾಗ ಖಾಲಿ ಹೊಟ್ಟೆಯ ಸಕ್ಕರೆ 212, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 9.8. ವೈದ್ಯರು ಬರೆದಿದ್ದದ್ದು ಮೆಟ್‌ಫಾರ್ಮಿನ್ 500 ಮಿ.ಗ್ರಾಂ ದಿನಕ್ಕೆ ಎರಡು ಸಲ, ಗ್ಲಿಮೆಪಿರೈಡ್ 1 ಮಿ.ಗ್ರಾಂ ಬೆಳಗ್ಗೆ. ಚೀಟಿಯ ಮೇಲೆ ಇನ್ನೊಂದು ಸಾಲಿತ್ತು: 'ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿಲ್ಲ, ಮೆಸೇಜ್ ಕಳುಹಿಸಿದರೂ ಪ್ರಯೋಜನವಿಲ್ಲ.'

ಮೆಸೇಜ್ ಬಗ್ಗೆ ಕೇಳಿದರೆ ಅವರಿಗೆ ಗೊತ್ತೇ ಇರಲಿಲ್ಲ. ಆಸ್ಪತ್ರೆಯಲ್ಲಿ ಬರೆಸಿದ್ದು ಮಗನ ನಂಬರ್. ಮಗ ಮೈಸೂರಿನಲ್ಲಿ ಕೆಲಸಕ್ಕಿದ್ದಾನೆ. ಫೋನ್ ಮಾಡಿ ವಿಚಾರಿಸಿದಾಗ ಮೆಸೇಜ್‌ಗಳೆಲ್ಲ ಅವನ ಬಳಿ ಸಿಕ್ಕವು. ಎಲ್ಲವೂ ಇಂಗ್ಲಿಷಿನಲ್ಲಿ, ಎಲ್ಲವೂ ಬೆಳಗ್ಗೆ ಹನ್ನೊಂದಕ್ಕೆ ಬಂದವು. ಒಂದರಲ್ಲಿ ಅನ್ನ ಬಿಡಿ ಎಂದಿತ್ತು, ಇನ್ನೊಂದರಲ್ಲಿ ಮುಂಜಾನೆ ಅರ್ಧ ಗಂಟೆ ನಡೆಯಿರಿ ಎಂದಿತ್ತು. ಇಡೀ ದಿನ ಇಳಿಜಾರಿನಲ್ಲಿ ಹತ್ತಿ ಇಳಿಯುವ ಹೆಂಗಸಿಗೆ, ಆನೆ ಓಡಾಡುವ ಹೊತ್ತಿನಲ್ಲಿ ವಾಕಿಂಗ್ ಹೋಗಿ ಎಂದು ಹೇಳುವ ಸಲಹೆ ತಲುಪದಿದ್ದದ್ದೇ ಒಳ್ಳೆಯದಾಯಿತು.

ಇನ್ನು ಮಾತ್ರೆಯ ವಿಷಯ. 'ಮರೆತು ಹೋಗುತ್ತಾ ಅಕ್ಕಾ?' ಎಂದರೆ 'ಇಲ್ಲ ಸಿಸ್ಟರ್, ನಾನೇ ಬಿಟ್ಟಿದ್ದೀನಿ' ಎಂದರು. ಬೆಳಗ್ಗೆ ಎದ್ದು ಬೆಲ್ಲದ ಕಾಫಿ ಕುಡಿದು, ಅದರ ಜೊತೆಗೇ ಗ್ಲಿಮೆಪಿರೈಡ್ ನುಂಗಿ ಕೆಲಸಕ್ಕೆ ಹೊರಡುತ್ತಿದ್ದರು. ಬುತ್ತಿ ಬಿಚ್ಚುವುದು ಹತ್ತು ಗಂಟೆಯ ಮೇಲೆ. ಕುಯ್ಲಿನ ಸಮಯದಲ್ಲಿ ಕೆ.ಜಿ. ಲೆಕ್ಕದ ಕೂಲಿಯಾದ್ದರಿಂದ ಅದೂ ಹನ್ನೆರಡಕ್ಕೆ ಹೋಗುತ್ತಿತ್ತು. ಅಷ್ಟರಲ್ಲಿ ಕೈ ನಡುಕ, ಬೆವರು, ಕಣ್ಣು ಮಂಜು. ಸಕ್ಕರೆ 70ಕ್ಕಿಂತ ಕೆಳಗೆ ಇಳಿದಾಗ ಕಾಣುವ ಲಕ್ಷಣಗಳೇ ಇವು. ಒಮ್ಮೆ ಗಿಡದ ಬುಡದಲ್ಲೇ ಕುಸಿದು ಕೂತರು. ತಲೆ ಸುತ್ತುವವಳು ಎಂದು ತೋಟದ ಲೆಕ್ಕ ಬರೆಯುವ ರೈಟರ್‌ಗೆ ತಿಳಿದರೆ ಚೆಕ್‌ರೋಲ್‌ನಿಂದ, ಅಂದರೆ ಹಾಜರಿ ಪಟ್ಟಿಯಿಂದ, ಹೆಸರು ಹೋಗುತ್ತದೆ ಎಂಬ ಹೆದರಿಕೆಗೆ ಎರಡೂ ಮಾತ್ರೆ ನಿಲ್ಲಿಸಿದರು. ಸಕ್ಕರೆ ಹೀಗೆ ಇಳಿಸಿದ್ದು ಊಟವಿಲ್ಲದೆ ನುಂಗಿದ ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಒಂದೇ ತೆಗೆದುಕೊಂಡರೆ ಸಾಮಾನ್ಯವಾಗಿ ಹೀಗೆ ಆಗುವುದಿಲ್ಲ ಎಂದು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

ನೆನಪಿಸುವ ಮೆಸೇಜು ಮರೆವಿಗೆ ಮಾತ್ರ ಮದ್ದು. ಇಲ್ಲಿ ಮರೆವು ಇರಲೇ ಇಲ್ಲ. 'ಮಾತ್ರೆ ತೆಗೆದುಕೊಳ್ಳಿ' ಎಂದು ದಿನಾ ಸರಿಯಾದ ನಂಬರಿಗೇ ಹೋಗಿದ್ದರೆ, ಆಕೆ ಅದನ್ನು ಪಾಲಿಸಿದ್ದರೆ, ಖಾಲಿ ಹೊಟ್ಟೆಯಲ್ಲಿ ಇನ್ನೊಮ್ಮೆ ಕುಸಿಯುತ್ತಿದ್ದರು. ಆದ್ದರಿಂದ ಮೊದಲ ಕೆಲಸ ಫೋನಿನದಲ್ಲ, ವೈದ್ಯರದು. ವಿಷಯ ತಿಳಿದ ಮೇಲೆ ವೈದ್ಯರು ಹೊತ್ತು ಬದಲಿಸಿದರು: ಗ್ಲಿಮೆಪಿರೈಡ್ ಕಾಫಿ ಜೊತೆ ಅಲ್ಲ, ತೋಟದಲ್ಲಿ ಬುತ್ತಿ ಬಿಚ್ಚಿದಾಗ, ಮೊದಲ ತುತ್ತಿನ ಹೊತ್ತಿಗೆ. ಬುತ್ತಿ ಇಲ್ಲದ ದಿನ ಆ ಮಾತ್ರೆಯೂ ಇಲ್ಲ. ಮೆಟ್‌ಫಾರ್ಮಿನ್ ಬೆಳಗ್ಗೆ ಬುತ್ತಿಯ ನಂತರ, ರಾತ್ರಿ ಊಟದ ನಂತರ. ಊಟದ ಮೇಲೆ ತೆಗೆದುಕೊಂಡರೆ ಹೊಟ್ಟೆ ತೊಳಸುವುದು ಕಡಿಮೆ. ವಾಂತಿ ಭೇದಿ ಆಗಿ ಏನೂ ತಿನ್ನಲಾಗದ ದಿನ ಎರಡನ್ನೂ ತಡೆದು, ಅಂದೇ ಆಸ್ಪತ್ರೆಗೆ ತಿಳಿಸಬೇಕು.

ಆಮೇಲೆ ಫೋನ್. ಅವರದು ಕೀಪ್ಯಾಡ್ ಸೆಟ್. ಇಂಥ ಎಷ್ಟೋ ಸೆಟ್‌ಗಳಲ್ಲಿ ಕನ್ನಡದ ಬದಲು ಚೌಕಗಳು ಕಾಣುತ್ತವೆ. ಹಾಗಾಗಿ ಎದುರಿಗೇ ಒಂದು ಮೆಸೇಜ್ ಕಳುಹಿಸಿ, ತೆರೆಸಿ, ಗಟ್ಟಿಯಾಗಿ ಓದಿಸಬೇಕು. ಇವರ ಫೋನಿನಲ್ಲಿ ಅಕ್ಷರ ಮೂಡಿತು. ನಾಲ್ಕನೇ ಕ್ಲಾಸಿನವರೆಗೆ ಓದಿದ್ದರಿಂದ ನಿಧಾನವಾಗಿ ಕೂಡಿಸಿ ಓದುತ್ತಾರೆ. ಎರಡು ಸಾಲು ದಾಟಿದರೆ ಪಕ್ಕದ ಮನೆ ಹುಡುಗಿಯನ್ನು ಕರೆಯುತ್ತಾರೆ, ಅಲ್ಲಿಗೆ ಗುಟ್ಟು ಮುಗಿಯಿತು.

ಉದ್ದದ ಲೆಕ್ಕ ಕನ್ನಡದಲ್ಲಿ ಬೇರೆ. ಇಂಗ್ಲಿಷಿನಲ್ಲಿ ಒಂದು ಮೆಸೇಜಿಗೆ 160 ಅಕ್ಷರ ಹಿಡಿದರೆ ಕನ್ನಡದಲ್ಲಿ 70 ಮಾತ್ರ. ಅದರಲ್ಲೂ ಒತ್ತು, ಗುಣಿತ ಎಲ್ಲ ಬೇರೆ ಬೇರೆಯಾಗಿ ಎಣಿಕೆಯಾಗುತ್ತವೆ: 'ಮಾತ್ರೆ' ಕಣ್ಣಿಗೆ ಎರಡೇ ಅಕ್ಷರ, ಫೋನಿಗೆ ಆರು. 70 ದಾಟಿದರೆ ಮೆಸೇಜ್ ತುಂಡಾಗುತ್ತದೆ. ಸಿಗ್ನಲ್ ಕೆಟ್ಟ ಕಡೆ ಒಂದು ತುಂಡು ಬಂದು ಇನ್ನೊಂದು ಹಿಂದೆ ಉಳಿಯಬಹುದು. 'ಬುತ್ತಿ ಇಲ್ಲದಿದ್ರೆ' ಬಂದು 'ಬೇಡ' ಬರದಿದ್ದರೆ ಏನಾಗುತ್ತದೆ, ಯೋಚಿಸಿ.

ಕೊನೆಗೆ ಉಳಿದದ್ದು ಮೂರೇ ಮೆಸೇಜು. ಕಾಯಿಲೆಯ ಹೆಸರಾಗಲಿ 'ಮಾತ್ರೆ' ಎಂಬ ಮಾತಾಗಲಿ ಅವುಗಳಲ್ಲಿ ಇರಬಾರದು ಎಂಬುದು ಚ. ಅವರದೇ ಷರತ್ತು. ಮಾತ್ರೆಗೆ 'ಡಬ್ಬಿ' ಎಂದು ಹೆಸರಿಟ್ಟವರೂ ಅವರೇ.

ಬೆಳಗ್ಗೆ ಆರೂಕಾಲಿಗೆ, ಮನೆ ಬಿಡುವ ಮುಂಚೆ: 'ಚೀಲದಲ್ಲಿ ಬುತ್ತಿ, ಸಕ್ಕರೆ ಪೊಟ್ಟಣ ಇದೆಯಾ ಅಕ್ಕಾ?'

ಅದರ ಬೆನ್ನಿಗೇ: 'ಬುತ್ತಿ ಬಿಚ್ಚಿ, ಡಬ್ಬಿ ತೆಗೀರಿ. ಬುತ್ತಿ ಇಲ್ಲದಿದ್ರೆ ಡಬ್ಬಿಯೂ ಬೇಡ.' ತೋಟದೊಳಗೆ ಸಿಗ್ನಲ್ ಇಲ್ಲದ್ದರಿಂದ ಹತ್ತು ಗಂಟೆಗೆ ಕಳುಹಿಸಿ ಫಲವಿಲ್ಲ. ಲೈನ್‌ಮನೆಯಲ್ಲಿ ಓದಿ ತಲೆಯಲ್ಲಿಟ್ಟುಕೊಂಡೇ ಹೋಗಬೇಕು.

ರಾತ್ರಿ, ವಾರಕ್ಕೆರಡು ಸಲ: 'ಕಾಲಿನ ಬೆರಳ ಸಂದಿ ನೋಡಿದ್ರಾ? ಗಾಯ ಇದ್ದರೆ ನಾಳೆಯೇ ಆಶಾಗೆ ತೋರಿಸಿ.' ಮಳೆಗಾಲದಲ್ಲಿ ಇದು ದಿನಾ ಹೋಗುತ್ತದೆ. ದಿನವಿಡೀ ಗಮ್‌ಬೂಟಿನೊಳಗೆ ನೆನೆದ ಕಾಲು, ಜಿಗಣೆ ಕಚ್ಚಿ ಕೆರೆದ ಜಾಗ, ಮೇಲೆ ಸ್ಪರ್ಶ ಮಂದವಾದ ಪಾದ. ಇವು ಮೂರು ಸೇರಿದರೆ ಹುಣ್ಣಾದದ್ದು ತಿಳಿಯುವಾಗ ಕೀವು ಕಟ್ಟಿರುತ್ತದೆ.

ಪೊಟ್ಟಣದಲ್ಲಿ ಬೆಲ್ಲ ಬೇಡ, ಸಕ್ಕರೆ ಎಂದದ್ದಕ್ಕೆ ಕಾರಣವಿದೆ. 'ಬೆಲ್ಲ ಸಕ್ಕರೆಯಲ್ಲ, ಅದು ಏನೂ ಮಾಡಲ್ಲ' ಎಂಬ ನಂಬಿಕೆಯಿಂದ ಅವರು ದಿನಕ್ಕೆ ನಾಲ್ಕು ಲೋಟ ಬೆಲ್ಲದ ಕಾಫಿ ಕುಡಿಯುತ್ತಿದ್ದರು. ಕಾಫಿಗೆ ಬೆಲ್ಲ ಹಾಕಬೇಡಿ, ಚೀಲದಲ್ಲಿ ಬೆಲ್ಲ ಇಟ್ಟುಕೊಳ್ಳಿ ಎಂದು ಒಂದೇ ಬಾಯಲ್ಲಿ ಹೇಳಿದರೆ ಯಾರಿಗಾದರೂ ಗೊಂದಲವೇ. ಪೊಟ್ಟಣದಲ್ಲಿ 15 ಗ್ರಾಂ, ಅಂದರೆ ಮೂರು ಟೀ ಚಮಚ ಸಕ್ಕರೆ. ನಡುಕ ಬಂದರೆ ಕೆಲಸ ನಿಲ್ಲಿಸಿ, ಕೂತು, ನೀರಿಗೆ ಕಲಸಿ ಕುಡಿಯಬೇಕು. 15 ನಿಮಿಷದಲ್ಲಿ ಸರಿಹೋಗದಿದ್ದರೆ ಇನ್ನೊಂದು ಪೊಟ್ಟಣ. ಸರಿಹೋದ ಮೇಲೆ ಬುತ್ತಿ ಉಣ್ಣಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಬೇಕು ಎಂಬುದನ್ನು ಜೊತೆಗೆ ಕೆಲಸ ಮಾಡುವ ಒಬ್ಬರಿಗೆ ಹೇಳಿಡಲು ಚ. ಒಪ್ಪಿದರು. ಆ ಒಬ್ಬರು ಯಾರು ಎಂಬುದನ್ನು ಅವರೇ ಆರಿಸಿದರು.

ಅನ್ನ ಬಿಡಿಸುವ ಮಾತು ಎತ್ತಲಿಲ್ಲ. ರೇಷನ್ ಅಕ್ಕಿಯೇ ಆಧಾರವಾದ ಮನೆಯಲ್ಲಿ ಅದು ಹಸಿವಿನ ಸಲಹೆ. ನಾಲ್ಕು ಅಕ್ಕಿರೊಟ್ಟಿ ಎರಡಾಯಿತು, ಜೊತೆಗೆ ಹುರುಳಿಕಾಳಿನ ಸಾರು ಗಟ್ಟಿಯಾಯಿತು. ಕಾಫಿಯ ಬೆಲ್ಲ ಮೊದಲು ಅರ್ಧಕ್ಕಿಳಿದು ಆಮೇಲೆ ನಿಂತಿತು. ಇದಾವುದನ್ನೂ ಮೆಸೇಜಿನಲ್ಲಿ ಕಳುಹಿಸಿಲ್ಲ. ಎದುರು ಕೂತು ತಟ್ಟೆ ತೋರಿಸಿ ಹೇಳುವ ಮಾತದು.

ಉತ್ತರ ಪಡೆಯುವುದಕ್ಕೆ ಮಿಸ್ಡ್ ಕಾಲ್. ಕಡಿಮೆ ದರದ ರೀಚಾರ್ಜ್‌ನಲ್ಲಿ ಎಸ್‌ಎಂಎಸ್ ಕಳುಹಿಸುವ ಸೌಲಭ್ಯ ಇರುತ್ತದೆಂದು ನಂಬುವಂತಿಲ್ಲ. ಸಂಜೆ ಒಂದು ರಿಂಗ್ ಎಂದರೆ ಎಲ್ಲ ಸರಿ, ಎರಡು ಸಲ ಬಂದರೆ ವಾಪಸ್ ಫೋನ್ ಮಾಡಿ ಎಂದರ್ಥ. ಮೂರು ದಿನ ಏನೂ ಬಾರದಿದ್ದರೆ ಆಶಾ ಕಾರ್ಯಕರ್ತೆ ಹೋಗಿ ನೋಡುತ್ತಾರೆ. ಇದು ತುರ್ತಿಗೆ ಅಲ್ಲ ಎಂದು ಎರಡೆರಡು ಸಲ ಹೇಳಬೇಕಾಯಿತು.

ಯೋಜನೆ ಎಡವಿದ್ದು ಜುಲೈಯಲ್ಲಿ. ಮರ ಬಿದ್ದು ಕರೆಂಟ್ ಹೋಗಿ ಫೋನ್ ಆಫ್ ಆಯಿತು. ಮತ್ತೆ ಆನ್ ಆದಾಗ ಹಿಂದಿನ ದಿನಗಳ ಮೆಸೇಜ್‌ಗಳೆಲ್ಲ ಒಟ್ಟಿಗೆ ಬಿದ್ದವು, ಅದೂ ರಾತ್ರಿ. ಎಷ್ಟು ಸಲ 'ಡಬ್ಬಿ ತೆಗೀರಿ' ಎಂದಿತ್ತೋ ಅಷ್ಟು ಮಾತ್ರೆ ನುಂಗಬೇಕೇ ಎಂದು ಅವರು ಎರಡು ರಿಂಗ್ ಕೊಟ್ಟು ಕೇಳಿದ್ದು ನಮ್ಮ ಪುಣ್ಯ. ಅಂದಿನಿಂದ ಪ್ರತಿ ಮೆಸೇಜಿನ ಮೊದಲ ಪದ ವಾರದ ಹೆಸರು: 'ಬುಧವಾರ:', 'ಗುರುವಾರ:'. ಆ ದಿನ ಮುಗಿದಿದ್ದರೆ ಓದಿ ಅಳಿಸುವುದು. ಬಿಟ್ಟುಹೋದ ಮಾತ್ರೆಗೆ ಸೇರಿಸಿ ಎರಡು ನುಂಗುವಂತಿಲ್ಲ.

ಇಂಥ ಮೆಸೇಜುಗಳ ಮೇಲೆ ಎಷ್ಟು ಭರವಸೆ ಇಡಬಹುದು? ಚೆನ್ನೈನ ಎ. ರಾಮಚಂದ್ರನ್ ಅವರ ತಂಡ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಯಿಲೆಯ ಅಂಚಿನಲ್ಲಿದ್ದ 537 ಗಂಡಸರ ಪೈಕಿ ಮೆಸೇಜ್ ಪಡೆದವರಲ್ಲಿ ಎರಡು ವರ್ಷದಲ್ಲಿ ಶೇ. 18, ಪಡೆಯದವರಲ್ಲಿ ಶೇ. 27 ಮಂದಿಗೆ ಮಧುಮೇಹ ಬಂತು. ಒಳ್ಳೆಯ ಫಲವೇ, ಆದರೆ ಅವರಿನ್ನೂ ರೋಗಿಗಳಾಗಿರಲಿಲ್ಲ. ಲಾಸ್ ಏಂಜಲೀಸ್‌ನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ 128 ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನ ನಮ್ಮ ಪರಿಸ್ಥಿತಿಗೆ ಹತ್ತಿರ: ಆರು ತಿಂಗಳು ದಿನಕ್ಕೆರಡು ಮೆಸೇಜ್ ಪಡೆದವರ ಎಚ್‌ಬಿಎ1ಸಿ 1.05 ಇಳಿಯಿತು, ಪಡೆಯದವರದು 0.60. ಈ ಅಂತರ ಕಾಕತಾಳೀಯವಲ್ಲ ಎನ್ನುವಷ್ಟು ದೊಡ್ಡದಲ್ಲ. ಮೆಸೇಜನ್ನು ಚಿಕಿತ್ಸೆ ಎಂದುಕೊಂಡವರು ಈ ಎರಡನೆಯದನ್ನು ಗಮನಿಸಬೇಕು.

ಆರು ತಿಂಗಳ ನಂತರ ಚ. ಅವರ ಎಚ್‌ಬಿಎ1ಸಿ 8.1. ಗುರಿ 7ರ ಕೆಳಗೆ, ಇನ್ನೂ ದೂರವಿದೆ. ಕುಸಿದು ಕೂತದ್ದು ಮತ್ತೆ ಆಗಿಲ್ಲ. ಇದರಲ್ಲಿ ಹೆಚ್ಚಿನ ಪಾಲು ಮಾತ್ರೆಯ ಹೊತ್ತು ಬದಲಿಸಿದ್ದಕ್ಕೆ ಸೇರಬೇಕೆಂದು ನಮ್ಮ ಅಂದಾಜು.

ಈಗ ಬೆಳಗಿನ ಮೆಸೇಜುಗಳನ್ನು ವಾರಕ್ಕೆ ಎರಡು ದಿನಕ್ಕೆ ಇಳಿಸಲಾಗಿದೆ. ದಿನಾ ಬಂದದ್ದನ್ನು ತೆರೆಯದೆ ಬಿಡುವ ಅಭ್ಯಾಸ ಶುರುವಾಗಿತ್ತು. ಡಿಸೆಂಬರ್‌ನಲ್ಲಿ ಕುಯ್ಲು ಶುರುವಾದಾಗ ಮತ್ತೆ ದಿನಾ. 30 ದಿನದ ಮಾತ್ರೆ ಮುಗಿಯುವ ಐದು ದಿನ ಮುಂಚೆ, ಸಂತೆಯ ಹಿಂದಿನ ಸಂಜೆಗೆ ಹೊಂದಿಸಿ ಒಂದು ಮೆಸೇಜ್ ಹೋಗುತ್ತದೆ. ಆಸ್ಪತ್ರೆಗಾಗಿ ಇನ್ನೊಂದು ದಿನದ ಕೂಲಿ ಕಳೆದುಕೊಳ್ಳದಿರಲಿ ಎಂದು. ಸಿಮ್ಮಿನ ವ್ಯಾಲಿಡಿಟಿ ಮುಗಿಯುವ ತಾರೀಖನ್ನೂ ಒಂದು ಚೀಟಿಯ ಮೇಲೆ ಬರೆದುಕೊಟ್ಟಿದೆ.