ಅಪ್ಪನ ಮಾತು ಆಮೇಲೆ, ಮೊದಲು ಕಿವಿ

ಈ ವಾರ ಬಂದ ಕಾಗದಗಳಲ್ಲಿ ಒಂದನ್ನು ಓದಿ ಕೆಳಗಿಟ್ಟೆ. ಚಹಾ ಮಾಡಿಕೊಂಡು ಬಂದು ಮತ್ತೆ ಓದಿದೆ. ಆಮೇಲೆ ಉಳಿದ ಕಾಗದಗಳ ಮೇಲೆ ಮನಸ್ಸು ನಿಲ್ಲಲಿಲ್ಲ.

ಬರೆದವರು ಮುರ್ಡೇಶ್ವರದ ಕಡೆಯ ಹುಡುಗ. ವಯಸ್ಸು 23. ಮೀನುಗಾರರ ಮನೆ. ನೇತ್ರಾಣಿ ದ್ವೀಪಕ್ಕೆ ಪ್ರವಾಸಿಗರನ್ನು ಕರೆದೊಯ್ಯುವ ಬೋಟಿನಲ್ಲಿ ಸಿಲಿಂಡರ್ ಹೊರುವ ಕೆಲಸಕ್ಕೆ ಸೇರಿ, ಅಲ್ಲೇ ಸ್ಕೂಬಾ, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಡಿ ಈಜುವುದನ್ನು ಕಲಿತರು. ಅಕ್ಕನ ಬಳೆ ಅಡವಿಟ್ಟು ಬೇರೆಯವರನ್ನು ನೀರಿನಡಿಗೆ ಕರೆದೊಯ್ಯುವ ಡೈವ್‌ಮಾಸ್ಟರ್ ಕೋರ್ಸ್ ಮುಗಿಸಿದರು. ಈಗ ಅಂಡಮಾನಿನ ಹ್ಯಾವ್‌ಲಾಕ್‌ನಲ್ಲಿ ಹೊಸ ಕೆಲಸ. 2018ರಲ್ಲಿ ಅದಕ್ಕೆ ಸ್ವರಾಜ್ ದ್ವೀಪ ಅಂತ ಹೆಸರಿಟ್ಟಿದ್ದಾರೆ, ಆದರೆ ಕಾಗದದಲ್ಲಿ ಹ್ಯಾವ್‌ಲಾಕ್ ಅಂತಲೇ ಇದೆ. ಸೇರಿ ಐದು ವಾರ ಆಗಿದೆ. ಅಪ್ಪ ಮಾತು ಬಿಟ್ಟಿದ್ದಾರೆ. ಕೆಲಸ ಬಿಟ್ಟು ಊರಿಗೆ ಬರಲಾ, ಇಲ್ಲೇ ಇರಲಾ, ಇದು ಪ್ರಶ್ನೆ.

ನಾಲ್ಕು ಪುಟದ ಕಾಗದದಲ್ಲಿ ಮೂರು ಪುಟ ಅಪ್ಪನದೇ. ಬಂದರಿನಲ್ಲಿ ಎಲ್ಲರೆದುರು "ನಮ್ಮ ಮಗ ಮೀನ್ ಹಿಡುದ್ ಬಿಟ್ಟು ಮೀನ್ ತೋರ್ಸುಕ್ ಹೋದ" ಅಂದರಂತೆ. ಕ್ಷಮಿಸಿ ತಮ್ಮಾ, ನನಗೆ ಜೋರಾಗಿ ನಗು ಬಂತು. ಅವರ ಕಡೆಯಿಂದ ನೋಡಿ. ಜೀವನವಿಡೀ ಮೀನು ಕಂಡರೆ ಕಿಲೋಗೆ ಎಷ್ಟು ಅಂತ ಲೆಕ್ಕ ಹಾಕಿದ ಮನುಷ್ಯ ಅವರು. ಈಜಲೂ ಬಾರದ ಜನ ದುಡ್ಡು ಕೊಟ್ಟು, ನಿಮ್ಮ ಕೈ ಹಿಡಿದುಕೊಂಡು, ಮೀನನ್ನು ಸುಮ್ನೆ ನೋಡಿ ಬರುತ್ತಾರೆ ಅಂದರೆ ಅವರು ನಂಬುವುದು ಹೇಗೆ? ಅದು ಅವಮಾನ ಅಂತ ನಿಮಗೆ ಅನಿಸಿದೆ. ನನಗೆ ಹಾಗೆ ಕೇಳಿಸಲಿಲ್ಲ. ಮಗ ದೂರ ಹೋದ ಅನ್ನುವುದನ್ನು ಬಂದರಿನಲ್ಲಿ ನಿಂತು ಗಂಡಸರು ಹೀಗೇ ಹೇಳಿಕೊಳ್ಳುವುದು.

ಆದರೆ ನಾನು ಎದ್ದು ಕೂತದ್ದು ಅಪ್ಪನ ವಿಷಯಕ್ಕಲ್ಲ. ಈ ಅಂಕಣ ತಪ್ಪದೆ ಓದುವವರಿಗೆ ನನ್ನ ಚಾಳಿ ಗೊತ್ತು. ನಾನು ಬ್ರಾಕೆಟ್ ಒಳಗೆ ಬರೆದದ್ದನ್ನೇ ಮೊದಲು ಓದುವವಳು. ಜನ ನಿಜ ಹೇಳುವುದು ಅಲ್ಲೇ. ನಿಮ್ಮ ನಾಲ್ಕನೇ ಪುಟದ ಬ್ರಾಕೆಟ್ ಹೀಗಿದೆ: "(ಬಲಗಿವಿ ಸಂಜೆ ಹೊತ್ತಿಗೆ ಸ್ವಲ್ಪ ಕಟ್ಟಿದ ಹಾಗೆ ಆಗುತ್ತೆ. ಎರಡು ಸಲ ಮಾಸ್ಕ್ ಒಳಗೆ ರಕ್ತ ಕಂಡಿತು. ನೆಗಡಿ ಅಷ್ಟೆ. ಸೀನಿಯರ್ ಒಬ್ಬರು ಮಾತ್ರೆ ಕೊಟ್ಟಿದ್ದಾರೆ, ನುಂಗಿ ಇಳಿತೀನಿ.)"

ಅಷ್ಟೆ ಅಂದರೇನು? ರಕ್ತ ಬಂದಿದೆ!

ನಿಮಗೆ ಕೋರ್ಸಿನಲ್ಲಿ ಹೇಳಿಕೊಟ್ಟದ್ದನ್ನೇ ನಾನು ಮತ್ತೆ ಹೇಳಬೇಕಾಗಿದೆ. ನೀರಿನ ಮೇಲೆ ಇರುವ ಒತ್ತಡ 10 ಮೀಟರ್ ಕೆಳಗೆ ಎರಡು ಪಟ್ಟಾಗುತ್ತದೆ. ಮತ್ತೆ ಅದು ದುಪ್ಪಟ್ಟಾಗಬೇಕಾದರೆ 30 ಮೀಟರ್ ತನಕ ಇಳಿಯಬೇಕು. ಅಂದರೆ ಕಿವಿಗೆ ಅತಿ ಕಷ್ಟದ ಜಾಗ ಆಳದಲ್ಲಿಲ್ಲ, ಮೇಲಿನ ಆ ಹತ್ತು ಮೀಟರಿನಲ್ಲಿದೆ. ನಿಮ್ಮ ಕೆಲಸ ಇರುವುದೂ ಅಲ್ಲೇ. ಮೊದಲ ಸಲ ಸ್ಕೂಬಾ ಮಾಡುವವರನ್ನು 12 ಮೀಟರಿಗಿಂತ ಕೆಳಗೆ ಕರೆದೊಯ್ಯುವ ಹಾಗಿಲ್ಲ. ಹವ್ಯಾಸಕ್ಕೆ ಬಂದ ಡೈವರ್ ಒಮ್ಮೆ ನಿಧಾನವಾಗಿ ಇಳಿದು ಒಮ್ಮೆ ನಿಧಾನವಾಗಿ ಹತ್ತುತ್ತಾನೆ. ನಿಮ್ಮದು ಹಾಗಲ್ಲ. ಗೆಸ್ಟ್ ಹೆದರಿದರೆ ಮೇಲೆ, ಸಮಾಧಾನ ಆದರೆ ಕೆಳಗೆ, ಮಾಸ್ಕಿಗೆ ನೀರು ನುಗ್ಗಿದರೆ ಮತ್ತೆ ಮೇಲೆ. ದಿನಕ್ಕೆ ಮೂರು ನಾಲ್ಕು ಸಲ ಅಂತ ನೀವೇ ಬರೆದಿದ್ದೀರಿ. ಬಾವಿಯ ರಾಟೆಯ ಹಾಗೆ ಆಗಿದೆ ನಿಮ್ಮ ಕಿವಿ.

ಮೂಗಿನ ಹಿಂದಿನಿಂದ ಕಿವಿಗೆ ಒಂದು ಸಣ್ಣ ಕೊಳವೆ ಇದೆ. ಮೂಗು ಹಿಡಿದು ಗಾಳಿ ಒತ್ತಿದಾಗ ಕಿವಿ ಬಿಡುವುದು ಅದರಿಂದಲೇ. ನೆಗಡಿ ಆದಾಗ ಆ ಕೊಳವೆ ಊದಿ ಮುಚ್ಚಿಕೊಳ್ಳುತ್ತದೆ. ಗಾಳಿ ಹೋಗಲಿಲ್ಲ ಅಂದರೆ ಕಿವಿಯ ತಮಟೆ ಒಳಕ್ಕೆ ಎಳೆದುಕೊಳ್ಳುತ್ತದೆ, ಒಳಗೆ ರಕ್ತ ಜಿನುಗುತ್ತದೆ, ಜಾಸ್ತಿ ಆದರೆ ತಮಟೆಯೇ ಹರಿದುಹೋಗುತ್ತದೆ. ಹರಿದ ತಮಟೆಯೊಳಗೆ ತಣ್ಣೀರು ಹೋದರೆ ನೀರಿನಡಿಯಲ್ಲಿ ತಲೆ ಗಿರ್ರನೆ ತಿರುಗಿ ಮೇಲೆ ಯಾವುದು ಕೆಳಗೆ ಯಾವುದು ಗೊತ್ತಾಗುವುದಿಲ್ಲ. ಆಗ ನಿಮ್ಮ ಕೈ ಹಿಡಿದುಕೊಂಡಿರುವುದು ಯಾರು? ಈಜು ಬಾರದ ಗೆಸ್ಟ್.

ಈಗ ಆ ಸೀನಿಯರ್. ನನ್ನ ಸಿಟ್ಟೆಲ್ಲ ಅವರ ಮೇಲೆ. ಅವರು ದಿನಾ ಬೆಳಗ್ಗೆ ಗೆಸ್ಟ್‌ಗಳಿಗೆ ಏನು ಹೇಳುತ್ತಾರೆ? ಕಿವಿ ನೋವಾದರೆ ನಿಲ್ಲಿ, ಸ್ವಲ್ಪ ಮೇಲೆ ಬನ್ನಿ, ಬಲವಂತ ಮಾಡಬೇಡಿ. ನಿಮ್ಮ ಕೈಗೆ ಮಾತ್ರ ಮಾತ್ರೆಯ ಸ್ಟ್ರಿಪ್ಪು. ಮಾತ್ರೆಯಿಂದ ಮೂಗು ಬಿಡುತ್ತದೆ, ನಿಜ. ಅದರ ಪ್ರಭಾವ ನೀವು ಕೆಳಗಿರುವಾಗಲೇ ಇಳಿದುಹೋದರೆ? ಒಳಗಿನ ಗಾಳಿ ಮೇಲೆ ಬರುತ್ತಾ ಹಿಗ್ಗುತ್ತದೆ, ಹೊರಗೆ ಬರಲು ದಾರಿ ಇರುವುದಿಲ್ಲ. ಇಳಿಯುವಾಗ ನೋವಾದರೆ ಇಳಿಯುವುದನ್ನು ಬಿಡಬಹುದು. ಹತ್ತುವುದನ್ನು ಬಿಡಲು ಆಗುತ್ತಾ? ಅವರು ಒಳ್ಳೆಯ ಮನಸ್ಸಿನಿಂದಲೇ ಕೊಟ್ಟಿರಬಹುದು. ಸೀಸನ್‌ನಲ್ಲಿ ಒಬ್ಬ ಕಮ್ಮಿಯಾದರೆ ಅವರ ತಲೆಗೇ ಬರುತ್ತದೆ ಅನ್ನುವುದೂ ಅಷ್ಟೇ ನಿಜ. ಆ ಸ್ಟ್ರಿಪ್ಪನ್ನು ಅವರಿಗೇ ವಾಪಸ್ ಕೊಡಿ.

ಹಾಗಾಗಿ ಇರಲಾ ಬರಲಾ ಅನ್ನುವ ಪ್ರಶ್ನೆಗೆ ಈ ವಾರ ಉತ್ತರ ಇಲ್ಲ. ಈ ಕಿವಿ ಇಟ್ಟುಕೊಂಡು ನೀವು ವಿಮಾನ ಹತ್ತುವ ಹಾಗೂ ಇಲ್ಲ. ಅಲ್ಲೂ ಒತ್ತಡ ಏರಿಳಿಯುತ್ತದೆ. ಚೆನ್ನೈಗೆ ಹಡಗಿದೆ, ಸಮುದ್ರದ ಮೇಲೆ ಎರಡು ಮೂರು ದಿನ. ಅಷ್ಟು ಅವಸರ ಏನಿದೆ?

ಮಾಡಬೇಕಾದದ್ದು ಒಂದೇ. ನಾಳೆ ನೀರಿಗೆ ಇಳಿಯಬೇಡಿ. ಮ್ಯಾನೇಜರಿಗೆ "ಕಿವಿ ಸರಿ ಇಲ್ಲ, ಡಾಕ್ಟರ್ ಹೇಳುವ ತನಕ ಇಳಿಯಲ್ಲ" ಅಂತ ಹೇಳಿ, ಫೆರ್ರಿ ಹತ್ತಿ ಪೋರ್ಟ್ ಬ್ಲೇರ್‌ಗೆ, ಅಂದರೆ ಈಗಿನ ಶ್ರೀ ವಿಜಯ ಪುರಂಗೆ ಹೋಗಿ. ಜಿ.ಬಿ. ಪಂತ್ ಸರ್ಕಾರಿ ಆಸ್ಪತ್ರೆಯಲ್ಲಿ ಕಿವಿ ಮೂಗು ಗಂಟಲಿನ ಡಾಕ್ಟರಿಗೆ ತೋರಿಸಿ. ಡೈವಿಂಗ್ ಕೆಲಸ ಅಂತ ಮೊದಲೇ ಹೇಳಿ, ರಕ್ತದ ವಿಷಯ ಮುಚ್ಚಿಡಬೇಡಿ. ಅಷ್ಟರೊಳಗೆ ತಲೆ ಸುತ್ತಿದರೆ, ಕಿವಿಯಲ್ಲಿ ಗುಂಯ್ ಅಂತ ಸದ್ದು ಶುರುವಾದರೆ, ಕೇಳಿಸುವುದು ತಟ್ಟನೆ ಕಮ್ಮಿಯಾದರೆ, ನಾಳೆಗೂ ಕಾಯಬಾರದು.

ಕೆಲಸ ಹೋಗುತ್ತೆ ಅನ್ನುವ ಭಯ ನಿಮ್ಮ ಅಕ್ಷರದಲ್ಲೇ ಕಾಣುತ್ತದೆ. ಅಕ್ಕನ ಬಳೆಯೂ ನೆನಪಾಗುತ್ತಿರಬೇಕು. ಡೈವ್ ಅಂಗಡಿಯಲ್ಲಿ ದಡದ ಕೆಲಸ ಬೇಕಾದಷ್ಟಿದೆ. ಕಂಪ್ರೆಸರ್ ಹತ್ತಿರ ನಿಂತು ಸಿಲಿಂಡರ್ ತುಂಬಬೇಕು, ವೆಟ್‌ಸೂಟ್ ಸಿಹಿನೀರಿನಲ್ಲಿ ತೊಳೆಯಬೇಕು, ಬುಕಿಂಗ್ ನೋಡಬೇಕು. ಬೆಂಗಳೂರಿನಿಂದ ಬಂದು ಹೆದರಿ ನಿಂತವರಿಗೆ ಕನ್ನಡದಲ್ಲಿ ಧೈರ್ಯ ಹೇಳಲು ನಿಮಗಿಂತ ಒಳ್ಳೆಯವರು ಅಲ್ಲಿ ಯಾರು ಸಿಗುತ್ತಾರೆ? ಕೆಲವು ವಾರ ಹಾಗೆ ಕಳೆಯಲು ಬಿಡದ ಅಂಗಡಿಯಾದರೆ ಅದು ಹೋದರೂ ಚಿಂತೆ ಇಲ್ಲ. ಅಂದ ಹಾಗೆ, ಸಂಬಳ ಎಷ್ಟು ಅಂತ ಕಾಗದದ ಮೇಲೆ ಬರೆಸಿಕೊಂಡಿದ್ದೀರಾ? "ಊಟ, ರೂಮು ಅವರದೇ, ಉಳಿದದ್ದು ಆಮೇಲೆ ಅಂದಿದ್ದಾರೆ" ಅನ್ನುವುದು ನನಗೆ ಸಂಬಳದ ಹಾಗೆ ಕಾಣಲಿಲ್ಲ. ಕಾಗದದ ವಿಷಯದಲ್ಲಿ ನಾನು ಹುಚ್ಚಿ ಅಂತ ಎಲ್ಲರೂ ಹೇಳುತ್ತಾರೆ, ಹೇಳಲಿ.

ಇನ್ನು ಅಪ್ಪ. ಎರಡನೇ ಪುಟದಲ್ಲಿ, ಅವರು ಹುಡುಗನಾಗಿದ್ದಾಗ ನೀಲಿಕಲ್ಲು ಅನ್ನುವ ಚಿಪ್ಪುಮೀನು ತೆಗೆಯಲು ಬಂಡೆಗಳ ಬುಡಕ್ಕೆ ಮುಳುಗುತ್ತಿದ್ದರು ಅಂತ ಬರೆದಿದ್ದೀರಿ, ಸಮುದ್ರ ನಿಮ್ಮ ರಕ್ತದಲ್ಲೇ ಇದೆ ಅಂತ ತೋರಿಸಲು. ಮೂರನೇ ಪುಟದಲ್ಲಿ, ಅವರಿಗೆ ಎಡಗಿವಿ ಕೇಳಿಸಲ್ಲ, ಫೋನಿನಲ್ಲಿ ಕೂಗಬೇಕು, ಕೂಗಿದರೆ ಜಗಳಕ್ಕೆ ಬಂದ ಅಂದುಕೊಳ್ಳುತ್ತಾರೆ ಅಂತ ಬರೆದಿದ್ದೀರಿ. ಈ ಎರಡು ಮಾತಿನ ನಡುವೆ ಒಂದು ಪುಟ ಅಂತರ ಇದೆ. ಆ ಕಿವಿ ಹೋದದ್ದು ಯಾವಾಗ, ಹೇಗೆ ಅಂತ ಯಾವತ್ತಾದರೂ ಕೇಳಿದ್ದೀರಾ? ವಯಸ್ಸಿನಿಂದ ಇರಬಹುದು, ಬೋಟಿನ ಇಂಜಿನ್ ಸದ್ದಿನಿಂದ ಇರಬಹುದು. ಕೇಳಿ ನೋಡಿ. ಫೋನನ್ನು ಬಲಗಿವಿಗೆ ಹಿಡಿದುಕೊಳ್ಳಲು ಅಮ್ಮನ ಹತ್ತಿರ ಮೊದಲೇ ಹೇಳಿಸಿ. ಕೆಲಸದ ಮಾತು ಎತ್ತಬೇಡಿ.

ಡಾಕ್ಟರ್ ಏನಂದರು ಅಂತ ನನಗೂ ಬರೆಯಿರಿ. ಈ ಸಲ ಬ್ರಾಕೆಟ್ ಹಾಕಬೇಡಿ.