ಅಮೆರಿಕದ ‘ಫೀಡಿಂಗ್ ಅಮೆರಿಕ’ ಹುಟ್ಟಿದ್ದು ಹೇಗೆ? ಅದು ಸರ್ಕಾರದ್ದೇ?

ಹಸಿದವರಿಗಾಗಿ ದಾನದ ಆಹಾರ ಹಂಚುವ ಈ ಜಾಲ ಸರ್ಕಾರದ್ದಲ್ಲ. ಹಾಗಂತ ಸರ್ಕಾರದ ಸಹವಾಸವೇ ಇಲ್ಲ ಅನ್ನುವ ಹಾಗೂ ಇಲ್ಲ.

ಶುರುವಾಗಿದ್ದು ಅರಿಜೋನಾದ ಫೀನಿಕ್ಸ್ ನಗರದಲ್ಲಿ. ಜಾನ್ ವ್ಯಾನ್ ಹೆಂಗಲ್ ಎಂಬ ಮಾಜಿ ವ್ಯಾಪಾರಿ 1960ರ ದಶಕದಲ್ಲಿ ಅಲ್ಲೊಂದು ದಾಸೋಹದಂಥ ಊಟದ ಮನೆಯಲ್ಲಿ ಸ್ವಯಂಸೇವಕರಾಗಿದ್ದರು. ಮರದಲ್ಲೇ ಉಳಿದ ಕಿತ್ತಳೆ, ನಿಂಬೆ ಜಾತಿಯ ಹಣ್ಣುಗಳನ್ನು ಹಕ್ಕಲು ಆಯ್ದು ತರುವುದು ಅವರ ಕೆಲಸಗಳಲ್ಲೊಂದು. ಅಂಗಡಿಯ ಕಸದ ತೊಟ್ಟಿ ಕೆದಕಿ ಮಕ್ಕಳ ಹೊಟ್ಟೆ ತುಂಬಿಸುತ್ತಿದ್ದ ಹೆಂಗಸೊಬ್ಬಳು ಅವರಿಗೆ ಒಂದು ಮಾತು ಹೇಳಿದಳಂತೆ: ದುಡ್ಡಿಗೆ ಬ್ಯಾಂಕ್ ಇರುವ ಹಾಗೆ ಊಟಕ್ಕೂ ಒಂದು ಇದ್ದಿದ್ದರೆ, ಇದ್ದವರು ಇಡುತ್ತಿದ್ದರು, ಇಲ್ಲದವರು ತೆಗೆದುಕೊಳ್ಳುತ್ತಿದ್ದರು. ‘ಫುಡ್ ಬ್ಯಾಂಕ್’ ಅನ್ನುವ ಹೆಸರಿಗೆ ಅದೇ ಮೂಲ.

ಸೇಂಟ್ ಮೇರಿ ಚರ್ಚಿನವರು 3,000 ಡಾಲರ್ ಮತ್ತು ಪಾಳುಬಿದ್ದ ಒಂದು ಕಟ್ಟಡ ಕೊಟ್ಟರು. 1967ರಲ್ಲಿ ಸೇಂಟ್ ಮೇರೀಸ್ ಫುಡ್ ಬ್ಯಾಂಕ್ ಬಾಗಿಲು ತೆರೆಯಿತು. ಮೊದಲ ವರ್ಷವೇ 2,75,000 ಪೌಂಡ್, ಅಂದರೆ ಸುಮಾರು 125 ಟನ್ ಆಹಾರ ಹಂಚಿತು.

ಇದು ಒಂದು ಊರಿನ ಒಳ್ಳೆಯತನವಾಗಿಯೇ ಉಳಿಯಬಹುದಿತ್ತು. ದೇಶದುದ್ದಕ್ಕೂ ಹಬ್ಬಿದ್ದರ ಹಿಂದೆ ಕರುಣೆಗಿಂತ ತೆರಿಗೆ ಕಾನೂನಿನ ಪಾಲೇ ಹೆಚ್ಚು ಅಂತ ನನ್ನ ಲೆಕ್ಕ. 1976ರ ತೆರಿಗೆ ಸುಧಾರಣಾ ಕಾಯ್ದೆ ಬಂದ ಮೇಲೆ, ಮಾರಾಟವಾಗದ ಸರಕನ್ನು ಎಸೆಯುವುದಕ್ಕಿಂತ ದಾನ ಕೊಡುವುದೇ ಕಂಪನಿಗಳಿಗೆ ಲಾಭದ ಬಾಬತ್ತಾಯಿತು. ಬೇರೆ ಊರುಗಳಲ್ಲೂ ಇಂಥ ಬ್ಯಾಂಕ್ ಕಟ್ಟಲು ಕೇಂದ್ರ ಸರ್ಕಾರದ ಅನುದಾನವೂ ಅದೇ ಹೊತ್ತಿಗೆ ಸಿಕ್ಕಿತ್ತು. ಹೀಗೆ ‘ಸೆಕೆಂಡ್ ಹಾರ್ವೆಸ್ಟ್’ ಎಂಬ ರಾಷ್ಟ್ರೀಯ ಸಂಸ್ಥೆ ರೂಪುಗೊಂಡಿತು. ಆಮೇಲೆ ಅದರ ಕಚೇರಿ ಷಿಕಾಗೋಗೆ ಹೋಯಿತು. ಕೊಟ್ಟ ಆಹಾರ ತಿಂದು ಯಾರಿಗಾದರೂ ಹೆಚ್ಚುಕಮ್ಮಿಯಾದರೆ ಕೋರ್ಟು ಹತ್ತಬೇಕಾದೀತು ಎಂಬ ಅಂಜಿಕೆ ದಾನಿಗಳಿಗಿತ್ತು. ಒಳ್ಳೆಯ ಮನಸ್ಸಿನಿಂದ ಕೊಟ್ಟವರಿಗೆ 1996ರ ಬಿಲ್ ಎಮರ್ಸನ್ ಕಾಯ್ದೆ ರಕ್ಷಣೆ ಕೊಟ್ಟಿತು.

ಫುಡ್ ಬ್ಯಾಂಕ್ ಅಂದರೆ ಉಗ್ರಾಣ. ಸಾಮಾನ್ಯವಾಗಿ ಜನ ನೇರವಾಗಿ ಹೋಗುವುದು ‘ಪ್ಯಾಂಟ್ರಿ’ ಎಂಬ ಸಣ್ಣ ಕೇಂದ್ರಗಳಿಗೆ, ಊಟದ ಮನೆಗಳಿಗೆ. ರಾಷ್ಟ್ರೀಯ ಸಂಸ್ಥೆ ದೊಡ್ಡ ಕಂಪನಿಗಳಿಂದ ಬಂದ ಲಾರಿ ಲೋಡುಗಳನ್ನು ಉಗ್ರಾಣಗಳಿಗೆ ಹಂಚುತ್ತದೆ.

ಈ ಹಂಚಿಕೆಯ ಕಥೆಯೇ ನನಗೆ ಎಲ್ಲಕ್ಕಿಂತ ಸ್ವಾರಸ್ಯ. ಮೊದಲು ಸರದಿ ಪ್ರಕಾರ ಕೊಡುತ್ತಿದ್ದರು. ಯಾರ ಹತ್ತಿರ ಏನಿದೆ ಅನ್ನುವುದು ಮೇಲಿನವರಿಗೆ ಗೊತ್ತಾಗುತ್ತಿರಲಿಲ್ಲ. ಆಲೂಗಡ್ಡೆ ಬೆಳೆಯುವ ಐಡಾಹೊಗೇ ಆಲೂಗಡ್ಡೆ ಕಳಿಸುವಂಥ ಪಜೀತಿ. 2005ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರ ನೆರವಿನಿಂದ ಹರಾಜು ಪದ್ಧತಿ ತಂದರು. ದುಡ್ಡಿನ ಹರಾಜಲ್ಲ. ಬಡವರು ಹೆಚ್ಚಿರುವ ಕಡೆಗೆ ಹೆಚ್ಚು ‘ಷೇರು’ (ಈ ಹರಾಜಿನಲ್ಲಷ್ಟೇ ನಡೆಯುವ ಲೆಕ್ಕದ ಅಂಕ) ಕೊಟ್ಟು, ಬೇಕಾದ ಲೋಡಿಗೆ ಅವುಗಳಲ್ಲೇ ಕೂಗಲು ಬಿಟ್ಟರು. ಯಾರಿಗೂ ಬೇಡದ ಮಾಲನ್ನು ಒಯ್ದವರಿಗೆ ಉಲ್ಟಾ ಷೇರು ಸಿಗುತ್ತಿತ್ತು! ಹಸಿವಿನ ವಿಷಯದಲ್ಲಿ ಮಾರುಕಟ್ಟೆಯೇ ಅಂತ ಮೂಗು ಮುರಿದವರಿದ್ದರು. ಆದರೆ ಐಡಾಹೊದವರು ತಮಗೆ ಬೇಕಾದದ್ದನ್ನು ತಾವೇ ಆರಿಸುವಂತಾಯಿತು.

ವ್ಯಾನ್ ಹೆಂಗಲ್ ತೀರಿಕೊಂಡಿದ್ದೂ 2005ರಲ್ಲೇ. ಮೂರು ವರ್ಷದ ಬಳಿಕ ಸಂಸ್ಥೆ ಈಗಿನ ಹೆಸರಿಟ್ಟುಕೊಂಡಿತು. ಇವತ್ತು ಸುಮಾರು 200 ಫುಡ್ ಬ್ಯಾಂಕುಗಳು ಅದರ ಜಾಲದಲ್ಲಿವೆ. ಹೊಸ ಹೆಸರು ಯಾರಿಗಾದರೂ ತಟ್ಟನೆ ಅರ್ಥವಾಗುತ್ತದೆ, ಸರಿ. ನನಗೆ ಮಾತ್ರ ಹಳೆಯದೇ ಇಷ್ಟ: ಸೆಕೆಂಡ್ ಹಾರ್ವೆಸ್ಟ್, ಎರಡನೇ ಕೊಯ್ಲು. ಆ ಮನುಷ್ಯ ಹಣ್ಣಿನ ತೋಟಗಳಲ್ಲಿ ಮಾಡಿದ್ದು ಅದನ್ನೇ ಅಲ್ಲವೇ?